ಸುಲಭಾಳ ಮೀನು, ತ್ರ್ಯಂಬಕ ಸರ್ ಮರಿ

ನವನಗರದ ಆ ಮನೆಗೆ ಉಪ್ಪಿನ ಚೀಲಗಳು ಬರತೊಡಗಿದಾಗ ಮೊದಲು ಕಟ್ಟೆ ಹತ್ತಿ ಬಂದವಳು ಎದುರು ಮನೆಯ ಭಾಗ್ಯಶ್ರೀ.

"ಏನ್ರೀ ಸುಲಭಾ, ಉಪ್ಪಿನಕಾಯಿ ಧಂದೆ ಚಾಲೂ ಮಾಡೀರೇನ್ರಿ? ಇಷ್ಟಕೊಂದು ಉಪ್ಪು?"

"ಇಲ್ರೀ. ಸಮುದ್ರ ಮಾಡ್ಲಿಕ್ಕತ್ತೀನಿ."

ಭಾಗ್ಯಶ್ರೀ ಸೆರಗು ಬಾಯಿಗೆ ಹಿಡಿದು ನಕ್ಕಳು. ಸುಲಭಾ ನಗಲಿಲ್ಲ, ಯಾಕೆಂದರೆ ಆಕೆ ಹೇಳಿದ್ದು ನಿಜ. ಘಟ್ಟ ಇಳಿಯದೆ ಸಮುದ್ರ ಕಾಣದ ಊರಿನಲ್ಲಿ, ಶೋಧಿಸಿದ ನೀರಿಗೆ ಉಪ್ಪು ಬೆರೆಸಿ, ಅಳತೆಗೋಲು ಅದ್ದಿ, ಪಡಸಾಲೆಯ ಗೋಡೆಗೆ ಆತುಕೊಂಡ ಗಾಜಿನ ತೊಟ್ಟಿಯಲ್ಲಿ ಆಕೆ ಒಂದು ಸಮುದ್ರ ನಿಲ್ಲಿಸಿದ್ದಳು. ಅದರಲ್ಲಿ ಎರಡು ಕ್ಲೌನ್ ಮೀನು. ಕಿತ್ತಳೆ ಮೈ, ಮೈಮೇಲೆ ಬಿಳಿ ಪಟ್ಟಿ, ಕುಣಿದಂತೆ ಈಜುವ ಚಾಳಿ.

ಸುಲಭಾಗೆ ನಲವತ್ತು ದಾಟಿತ್ತು. ಓಣಿಯ ಮಕ್ಕಳಿಗೆ ಸಂಜೆ ಹಾಡು ಕಲಿಸುತ್ತಿದ್ದಳು. ತಾನು ಕಲಿತದ್ದು ಧಾರವಾಡದ ಹಳೆಯ ಗುರುಗಳೊಬ್ಬರ ಎದುರು ವರ್ಷಗಟ್ಟಲೆ ಕೂತು. ಇಷ್ಟು ಕಲಿತು ಆಕೆಗೆ ಸಿಕ್ಕದ್ದು ಪ್ರಾರ್ಥನೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಯಾರದೇ ಸತ್ಕಾರ ಇರಲಿ, ಪುಸ್ತಕ ಬಿಡುಗಡೆ ಇರಲಿ, "ಪ್ರಾರ್ಥನಾ ಹಾಡಲಿಕ್ಕೆ ಸುಲಭಾತಾಯಿ ಇದ್ದಾರಲ್ಲ" ಅನ್ನುತ್ತಾರೆ. ಮೂರು ನಿಮಿಷ ಹಾಡು, ಒಂದು ಗುಲಾಬಿ, ಆಮೇಲೆ ಕೆಳಗಿಳಿದು ಹಿಂದಿನ ಸಾಲಿನ ಕುರ್ಚಿ. ಸಮಾರಂಭ ಯಾವಾಗಲೂ ಬೇರೆಯವರದು.

ಹುಬ್ಬಳ್ಳಿಯ ಆಫ್ತಾಬನ ಮೀನಿನ ಅಂಗಡಿಗೆ ಆಕೆ ಹೋದದ್ದು ಅಕಸ್ಮಾತ್. ಕ್ಲೌನ್ ಮೀನು ನೋಡಿ ನಿಂತೇಬಿಟ್ಟಳು. "ಇವು ನಮ್ಮ ಕಡೆ ಮರಿ ಮಾಡಂಗಿಲ್ರೀ ಮೇಡಂ," ಅಂದ ಆಫ್ತಾಬ. "ಎಲ್ಲಾ ಹೊರಗಿಂದ ಬರೂ ಮಾಲು. ಧಾರವಾಡದಾಗ ತ್ರ್ಯಂಬಕ ಸರ್ ಅಂತ ಒಬ್ರು ಒಂದ್ಸಲ ಮಾಡಿಸ್ಯಾರ, ಅಷ್ಟ." ಆ ಒಂದು ಮಾತು ಆಕೆಯೊಳಗೆ ಕೊಕ್ಕೆ ಹಾಕಿತು. ಮೊಟ್ಟೆಯಿಂದ ಹಿಡಿದು ಮರಿಯ ತನಕ ತನ್ನ ಕೈಯಲ್ಲೇ ಆಗುವ ಒಂದು ಕೆಲಸ. ಅಲ್ಲಿ ತಾನು ಪ್ರಾರ್ಥನೆಯವಳಲ್ಲ. ಅಷ್ಟೇ ಆಕೆಗೆ ಬೇಕಾದದ್ದು. ಹೆಚ್ಚೇನೂ ಅಲ್ಲ.

ತ್ರ್ಯಂಬಕ ಸರ್ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಬಿಳಿ ಜುಬ್ಬಾ, ಮೆಲುದನಿ, ಯಾರನ್ನೂ ಏಕವಚನದಲ್ಲಿ ಕರೆಯದ ಸಭ್ಯತೆ. ಸುಲಭಾಳ ಗಂಡ ಸುಶ್ರುತ ಒಂದು ಕಾಲಕ್ಕೆ ಕಾಲೇಜಿನಲ್ಲಿ ಅವರ ಶಿಷ್ಯನೇ ಆಗಿದ್ದ. ಆತ ಹೋಗಿ ಕೈಮುಗಿದು ಕೇಳಿಕೊಂಡ ಮೇಲೆ ಸರ್ ಭಾನುವಾರ ಭಾನುವಾರ ನವನಗರಕ್ಕೆ ಬರತೊಡಗಿದರು. ತೊಟ್ಟಿಯ ಎದುರಿನ ಬೆತ್ತದ ಕುರ್ಚಿ ಅವರದಾಯಿತು. ಹಚ್ಚಿದ ಅವಲಕ್ಕಿ, ಎರಡು ಸಲ ಚಹಾ, ಮತ್ತು ಪ್ರತಿ ಭಾನುವಾರ ಒಂದೇ ಒಂದು ಪಾಠ.

ಒಮ್ಮೆ ಹೇಳಿದರು: ಈ ಮೀನು ಹುಟ್ಟುವಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಎರಡು ಚಿಕ್ಕವನ್ನು ಕೂಡಿಸಿ ಬಿಟ್ಟರೆ ಜೋರಿನದು ಹೆಣ್ಣಾಗುತ್ತದೆ, ಸೋತದ್ದು ಗಂಡಾಗಿ ಉಳಿಯುತ್ತದೆ. ಮೊಟ್ಟೆ ಇಡುವುದಷ್ಟೇ ಹೆಣ್ಣಿನ ಕೆಲಸ. ಅವನ್ನು ಕಾಯುವುದು, ರೆಕ್ಕೆ ಬೀಸಿ ಗಾಳಿ ಹಾಕುವುದು, ಕೆಟ್ಟವನ್ನು ಆರಿಸಿ ತೆಗೆಯುವುದು ಗಂಡಿನ ಪಾಲು.

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಕೇಳಿದೇನೋ ಸುಶ್ರುತಾ? ಉಂಡ ತಾಟು ಎತ್ತಿ ಇಡಲಿಕ್ಕೆ ನಿನಗ ಕೈ ಬರೂದಿಲ್ಲ."

"ನಾ ಮೀನ ಅಲ್ಲಲ್ಲವ್ವಾ."

"ಆಗಿದ್ರ ಛಲೋ ಇತ್ತು."

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಏಕಾದಶಿಯ ದಿನ ನೀರೂ ಮುಟ್ಟದ ಹೆಂಗಸು. ಜೋಡಿ ಮೊಟ್ಟೆಗೆ ಬರಬೇಕಾದರೆ ಸಿಗಡಿ ಅರೆದು ಹಾಕಬೇಕೆಂದು ಸರ್ ಹೇಳಿದಾಗ ಸುಲಭಾ ನಡುಗಿಬಿಟ್ಟಿದ್ದಳು. ಆ ಮನೆಯಲ್ಲಿ ಉಳ್ಳಾಗಡ್ಡಿಯೂ ದಿನ ನೋಡಿಕೊಂಡು ಒಳಗೆ ಬರುತ್ತಿತ್ತು. ಕೊನೆಗೆ ಹಿತ್ತಿಲಿನಲ್ಲಿ ಒಂದು ಹಳೆಯ ಸಣ್ಣ ಫ್ರಿಜ್ ಬಂತು, ಅದರಲ್ಲಿ ಹೆಸರಿಲ್ಲದ ಒಂದು ಡಬ್ಬಿ ಬಂತು. ಅತ್ತೆ ಒಮ್ಮೆ ಆ ಕಡೆ ನೋಡಿ, "ಅದರ ಚಮಚಾ ಅಡಗಿಮನಿಗೆ ಬರಬಾರದು" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಮೊದಲ ಸಲ ಮೊಟ್ಟೆ ಇಟ್ಟದ್ದು ಬೋರಲು ಹಾಕಿದ ಮಣ್ಣಿನ ಕುಂಡದ ಮಗ್ಗುಲಲ್ಲಿ. ಅಕ್ಕಿನುಚ್ಚಿನಷ್ಟು, ಕಿತ್ತಳೆ ಬಣ್ಣದ್ದು, ಒತ್ತೊತ್ತಾಗಿ. ದಿನ ಕಳೆದಂತೆ ಕಂದಾದವು. ಒಂದೊಂದರೊಳಗೂ ಬೆಳ್ಳಿಯ ಚುಕ್ಕಿಯಂಥ ಕಣ್ಣು ಮೂಡಿತು. ಸುಲಭಾ ಹಾಡಿನ ಮಕ್ಕಳನ್ನು ಕರೆದು ತೋರಿಸಿದಳು. ಮರಿಗೆ ಮೊದಲ ತುತ್ತಾಗಿ ರೋಟಿಫರ್ ಅನ್ನುವ, ಕಣ್ಣಿಗೆ ಸಿಗದಂಥ ಹುಳ ಬೇಕು. ಅದರ ಬೀಜವನ್ನು ಸರ್ ಒಂದು ಬಾಟಲಿಯಲ್ಲಿ ಕೊಟ್ಟಿದ್ದರು. ಆ ಹುಳಕ್ಕೆ ಹಾಕಲು ಮಾಳಿಗೆಯ ಮೇಲೆ ಬಾಟಲಿ ಬಾಟಲಿ ಹಸಿರು ನೀರು ಬೆಳೆಸಿದಳು. ಎಲ್ಲ ತಯಾರಾಯಿತು. ಮರಿ ಮಾತ್ರ ಒಡೆಯಲಿಲ್ಲ. ಮೊಟ್ಟೆಯೊಳಗೆ ಕಣ್ಣು ಮಿಣುಕುತ್ತಿದ್ದವು, ಆಮೇಲೆ ಮಸುಕಾದವು, ಆಮೇಲೆ ಗಂಡು ಮೀನೇ ಅವನ್ನು ತಿಂದು ಹಾಕಿತು.

"ಸರ್, ಎಲ್ಲಿ ತಪ್ಪಿದೆನ್ರಿ ನಾ?"

ಸರ್ ಚಹಾದ ಕಪ್ಪು ಕೆಳಗಿಟ್ಟರು. "ತಪ್ಪು ಅಂತಲ್ಲರಿ ತಾಯಿ. ಶ್ರದ್ಧಾ ಇನ್ನೊಂದೀಟು ಬೇಕು."

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲವೂ ಹಾಗೇ. ಸುಲಭಾ ಸೋಮವಾರದ ಒಪ್ಪತ್ತು ಶುರು ಮಾಡಿದಳು. ನೀರು ಬದಲಿಸಿದಳು, ಉಪ್ಪು ಬದಲಿಸಿದಳು, ಹಾಡಿನ ಮಕ್ಕಳನ್ನು ಒಳಕೋಣೆಗೆ ಕಳಿಸಿದಳು, ಗದ್ದಲಕ್ಕೆ ಹೀಗಾಗುತ್ತಿರಬಹುದೆಂದು.

ಮೊಬೈಲಿನಲ್ಲಿ ಹತ್ತು ನಿಮಿಷ ಹುಡುಕಿದ್ದರೆ ಸಿಗುತ್ತಿತ್ತಲ್ಲ ಎಂದು ಓದುವವರು ಅನ್ನಬಹುದು. ಸಿಗುತ್ತಿತ್ತು. ಆದರೆ ಧಾರವಾಡದಲ್ಲಿ ಗುರುವಿನ ಎದುರು ಕೂತು ಹಾಡು ಕಲಿತವರನ್ನು ಒಮ್ಮೆ ಕೇಳಿ ನೋಡಿ. ಗುರು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ಕೊಡದೆ ಇಟ್ಟುಕೊಂಡರೆ, ನಿನಗೆ ಇನ್ನೂ ಆ ಯೋಗ್ಯತೆ ಬಂದಿಲ್ಲ ಅಂತ ಅರ್ಥ. ಅದನ್ನು ಇನ್ನೊಂದು ಕಡೆ ಹೋಗಿ ಕಲಿತು ಬಂದರೆ ಗುರುವಿನ ಮನೆಗೆ ಕನ್ನ ಹಾಕಿದಂತೆ. "ಮೊಬೈಲ್ ನೋಡಿ ಬರೂ ವಿದ್ಯಾ ಅಲ್ಲರಿ ಇದು" ಎಂದು ಸರ್ ಮೊದಲ ಭಾನುವಾರವೇ ಅಂದಿದ್ದರು. ಸುಲಭಾ ಆ ಮಾತನ್ನು ಗಂಟು ಹಾಕಿಕೊಂಡಳು. ಆಕೆ ಮಾಡಿದ ತಪ್ಪು ಅದೊಂದೇ. ಅದನ್ನು ತಪ್ಪು ಎನ್ನಲು ಆಕೆಗೆ ಯಾರೂ ಕಲಿಸಿರಲಿಲ್ಲ.

ನಾಲ್ಕನೆಯ ಸಲ ಸರ್ ತಾವೇ ದಾರಿ ತೋರಿಸಿದರು. "ನಿಮ್ಮ ಮನಿ ನೀರು ಮರೀಗೆ ಒಗ್ಗವಲ್ತು. ಕಣ್ಣು ಮೂಡಿದ ಮ್ಯಾಲೆ ಕುಂಡ ಸಮೇತ ನಮ್ಮ ಮನಿಗೆ ಕಳಸ್ರಿ. ನಾ ಪ್ರಯತ್ನ ಮಾಡ್ತೀನಿ. ಹುಟ್ಟಿದ್ರ ನಿಮ್ಮವು."

ಸುಲಭಾ ಅವರ ಕಾಲಿಗೆ ಬಿದ್ದಳು. ಸುಶ್ರುತ ಬಕೆಟ್ಟಿನಲ್ಲಿ ಕುಂಡ ಇಟ್ಟು, ಗಾಳಿ ಬಿಡುವ ಸಣ್ಣ ಪಂಪು ಹಚ್ಚಿ, ತುಳುಕದ ಹಾಗೆ ಕಾರಿನಲ್ಲಿ ಧಾರವಾಡಕ್ಕೆ ಒಯ್ದ. ಕೆಲವು ದಿನ ಬಿಟ್ಟು ಸರ್ ಫೋನು ಮಾಡಿದರು. ಒಡೆಯಲಿಲ್ಲವಂತೆ. ಅವರ ದನಿಯಲ್ಲಿ ನೋವಿತ್ತು. ಮುಂದಿನ ಸಲದ ಕುಂಡವೂ ಹೋಯಿತು, ಅದರ ಮುಂದಿನದೂ ಹೋಯಿತು. ಪ್ರತಿ ಸಲ ನೋವಿನ ದನಿಯ ಫೋನು ಬಂತು. ಇಷ್ಟು ಕಷ್ಟ ಕೊಟ್ಟೆವಲ್ಲ ಎಂದು ಸುಲಭಾ ದೀಪಾವಳಿಗೆ ಸರ್ ಹೆಂಡತಿಗೆ ಇಳಕಲ್ ಸೀರೆ ಉಡಿಸಿ ಬಂದಳು.

ಆಮೇಲೆ ಒಂದು ದಿನ ಆಫ್ತಾಬನ ಅಂಗಡಿಗೆ ಉಪ್ಪು ತರಲು ಹೋದಳು. ಬಾಗಿಲ ಹತ್ತಿರದ ತೊಟ್ಟಿಯಲ್ಲಿ ಉಗುರಿನಷ್ಟು ಉದ್ದದ ಕಿತ್ತಳೆ ಮರಿಗಳು ಗುಂಪಾಗಿ ನಿಂತಿದ್ದವು. ಸುಲಭಾ ಬಗ್ಗಿದಳು. ನಾಲ್ಕಾರು ಮರಿಗಳ ಮೈಮೇಲೆ ನಡುವಿನ ಬಿಳಿ ಪಟ್ಟಿ ಪೂರ್ತಿ ಇರಲಿಲ್ಲ. ಬೆನ್ನಿನಿಂದ ಇಳಿದು ಅರ್ಧಕ್ಕೇ ನಿಂತು, ತುದಿಯಲ್ಲಿ ಬಾಲದ ಕಡೆ ಕೊಂಕಿತ್ತು. ಅಂಥ ಪಟ್ಟಿಯನ್ನು ಆಕೆ ದಿನಾ ಮುಂಜಾನೆ ಎದ್ದು ನೋಡುತ್ತಿದ್ದಳು, ತನ್ನ ಹೆಣ್ಣು ಮೀನಿನ ಮೈಮೇಲೆ.

"ಇವು ಎಲ್ಲಿಂದ ಬಂದ್ವು ಆಫ್ತಾಬ?"

"ತ್ರ್ಯಂಬಕ ಸರ್ ಮರಿ ರೀ. ಅರ್ಧ ಪಟ್ಟಿದು ಭಾಳ ಮಂದಿ ಕೇಳಾಕತ್ತಾರ."

"ಸರ್ ಕಡೆ ಜೋಡಿ ಅದ ಏನು?"

"ಅವ್ರ ಜೋಡಿ ಸತ್ತು ಭಾಳ ದಿನ ಆತಲ್ರಿ." ಆಫ್ತಾಬ ಆಕೆಯ ಮುಖ ನೋಡಿದ. "ಮೇಡಂ, ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ. ಪ್ಲಾಸ್ಟಿಕ್ ಪಿಶವಿಯೊಳಗ ನೀರು ತುಂಬಿ ಹಾಕ್ಕೊಂಡು ತಂದು ಕೊಟ್ಟು ಹೋದವ್ರು ನಿಮ್ಮ ಯಜಮಾನ್ರ ಅದಾರಲ್ರಿ."

ಉಪ್ಪು ತೆಗೆದುಕೊಳ್ಳದೆ ಸುಲಭಾ ಬಸ್ಸು ಹತ್ತಿದಳು. ನವನಗರದ ನಿಲ್ದಾಣ ಬಂತು, ಹೋಯಿತು. ರಾಯಾಪುರವೂ ಹೋಯಿತು. ಇಳಿಯುವುದು ನೆನಪಾಗಲಿಲ್ಲ. ಧಾರವಾಡ ಮುಟ್ಟಿ, ಅದೇ ಬಸ್ಸಿನಲ್ಲಿ ವಾಪಸು ಬಂದಳು. ಸರ್ ಮಾಡಿದ್ದನ್ನು ಅಷ್ಟರೊಳಗೆ ಹೇಗೋ ನುಂಗಿಕೊಂಡಿದ್ದಳು. ದೊಡ್ಡವರು ಹೀಗೆ ಮಾಡುವುದನ್ನು ಹಾಡಿನ ಲೋಕದಲ್ಲೂ ಕಂಡವಳು. ಗಂಟಲಲ್ಲಿ ಸಿಕ್ಕಿಕೊಂಡದ್ದು ಗಂಡ ಹೊತ್ತ ಆ ಚೀಲ, ಆ ಪಿಶವಿ. ತನ್ನ ಮನೆಯ ಬಚ್ಚಲಿನಲ್ಲಿ ತೊಳೆದು ಒಣಗಿಸಿದ ಪಿಶವಿಯೇ ಇರಬೇಕು ಅದು.

ಸುಶ್ರುತ ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೋ ಏನೋ.

"ಸರ್ ಹೇಳಬ್ಯಾಡ ಅಂದ್ರು. ಈಗ ಹೇಳಿದ್ರ ಆಕಿ ಕಲಿಯೂ ಹುರುಪು ಹೋಗ್ತದ, ಹೊತ್ತು ಬಂದಾಗ ನಾನ ಹೇಳ್ತೀನಿ ಅಂದ್ರು. ನನಗ ಕಲಿಸಿದವ್ರು, ಸುಲಭಾ. ಅವರ ಎದುರಿಗೆ ನಿಂತು ಇಲ್ಲ ಅನ್ನಲಿಕ್ಕೆ ಬಾಯಿ ಬರೂದಿಲ್ಲ ನನಗ."

"ಅವರ ಮನ್ಯಾಗ ಹೆಂಗ ಒಡದ್ವು? ನೀರು ಅದೇ, ಉಪ್ಪು ಅದೇ."

ಆತ ಕಾಲ ಬೆರಳು ನೋಡಿಕೊಂಡ. "ಕತ್ತಲಿ ಬೇಕಂತ. ಕಡೀ ದಿನಾ ಸಂಜೀಕ ಪೂರ್ತಿ ಕತ್ತಲಿ ಆದ್ರನ ಒಡೀತಾವಂತ. ಒಂಚೂರು ಬೆಳಕು ಇದ್ರೂ ಒಳಗ ಕೂತು ಸಾಯ್ತಾವ. ಸರ್ ಟಬ್ಬಿಗೆ ಕರೇ ಬಟ್ಟಿ ಸುತ್ತಿದ್ರು."

ಪಡಸಾಲೆಗೆ ತೆರೆದ ದೇವರ ಕೋಣೆಯಲ್ಲಿ ಅತ್ತೆಯ ನಂದಾದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಅದರ ಬೆಳಕು ನೇರ ಬಂದು ಬೀಳುತ್ತಿದ್ದದ್ದು ತೊಟ್ಟಿಯ ಗಾಜಿನ ಮೇಲೆ. ಸರ್ ಕೂರುತ್ತಿದ್ದ ಬೆತ್ತದ ಕುರ್ಚಿಯಿಂದ ಅದು ಗಾಜಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸಂಜೆ ದಾಟಿ ಅವರು ಅಲ್ಲಿ ಎಷ್ಟು ಸಲ ಕೂತಿಲ್ಲ.

"ನಿನಗ ಯಾವಾಗ ಗೊತ್ತಾತು?" ಸುಲಭಾ ಕೇಳಿದಳು.

"ಮೊದಲನೇ ಸಲ ಬಕೆಟ್ ಒಯ್ದಾಗ."

"ಅಂದ್ರ ಅದಾದ ಮ್ಯಾಲೆ ನಾ ಉಪವಾಸ ಇದ್ದದ್ದೆಲ್ಲ ನೋಡಕೋತ ಕೂತಿದ್ದಿ."

"ಅವ್ವಗ ದೀಪಾ ಆರಸು ಅಂತ ನಾ ಹೆಂಗ ಹೇಳಲಿ?"

ಅತ್ತೆ ದೇವರ ಕೋಣೆಯ ಹೊಸ್ತಿಲಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಬತ್ತಿಯಿಂದ ಕಣ್ಣೆತ್ತಲಿಲ್ಲ. "ದೀಪಾ ಯಾಕ ಆರಸಬೇಕೋ? ಈ ಕೋಣಿಗೆ ಬಾಗಲಾ ಇಲ್ಲೇನು? ಹಾಕ್ರಿ. ಸಂದಿಗೆ ನನ್ನ ಕಂಬಳಿ ತುರುಕ್ರಿ. ಸಿಗಡಿಗೆ ಇಲ್ಲ ಅಂದೇನು, ಕತ್ತಲಿಗೆ ಇಲ್ಲ ಅಂತಿದ್ದೆ? ಯಾರು ನನ್ನ ಕೇಳೀರಿ?"

ಒಂದು ಬಾಗಿಲು. ಬೇಕಾಗಿದ್ದದ್ದು ಅಷ್ಟು. ಇಷ್ಟು ದಿನದ ನೀರು, ಉಪ್ಪು, ಉಪವಾಸ, ಇಳಕಲ್ ಸೀರೆ ಎಲ್ಲಕ್ಕೂ ಉತ್ತರವಾಗಿ ತೇಗದ ಎರಡು ಕದ ಮುಚ್ಚಬೇಕಾಗಿತ್ತು, ಒಬ್ಬ ಬಾಯಿ ತೆರೆಯಬೇಕಾಗಿತ್ತು. ಕಳವು ಅಂದರೆ ಬೀಗ ಮುರಿದು ಒಳಗೆ ಬರುವುದು ಎಂದು ನಾವು ತಿಳಿದಿದ್ದೇವೆ. ನಮ್ಮೂರಲ್ಲಿ ಅದು ಮುಂಬಾಗಿಲಿನಿಂದ ಬರುತ್ತದೆ. ಅವಲಕ್ಕಿ ತಿನ್ನುತ್ತದೆ, ನೆಲ ನೋಡಿ ನಡೆಯುತ್ತದೆ, ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಹೋಗುತ್ತದೆ. ಮನೆಯೊಳಗಿನವನೇ ಅದರ ಚೀಲ ಹೊತ್ತು ನಡೆದರೂ ನಾವು ಅದಕ್ಕೆ ಸಂಸ್ಕಾರ ಅನ್ನುತ್ತೇವೆ.

ಭಾನುವಾರ ಸರ್ ಬಂದರು. ಸುಲಭಾ ಅವಲಕ್ಕಿ ಹಚ್ಚಿರಲಿಲ್ಲ. ಮರಿಗಳ ವಿಷಯ, ಕತ್ತಲೆಯ ವಿಷಯ ನಿಂತೇ ಕೇಳಿದಳು. ಸರ್ ಮುಖದಲ್ಲಿ ಏನೂ ಕದಲಲಿಲ್ಲ.

"ಎಲ್ಲಾ ಒಮ್ಮೆಲೆ ಕೊಟ್ರ ವಿದ್ಯಾಕ್ಕ ಕಿಮ್ಮತ್ತು ಎಲ್ಲಿ ಉಳೀತದರಿ ತಾಯಿ? ನನಗ ಯಾರು ಹೇಳಿಕೊಟ್ಟಿದ್ರು? ನೀವು ಹಾಡು ಕಲತವರು, ನಿಮಗ ಇದನ್ನ ಬಿಡಿಸಿ ಹೇಳಬೇಕೇನು?"

"ಹುಟ್ಟಿದ್ರ ನಿಮ್ಮವು ಅಂದಿದ್ರಿ."

"ಮೊಟ್ಟಿ ನಿಮ್ಮವು. ಹುಟ್ಟಿಸಿದಾಂವ ನಾನು." ಅವರು ಜುಬ್ಬಾದ ಕಿಸೆಯಿಂದ ಒಂದು ಆಮಂತ್ರಣ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟರು. ಮನೆಯ ತೊಟ್ಟಿಯಲ್ಲಿ ಸಮುದ್ರದ ಮೀನು ಮರಿ ಮಾಡಿಸಿದ ಸಾಧನೆಗಾಗಿ ಧಾರವಾಡದ ಒಂದು ಬಳಗ ಅವರಿಗೆ ಸತ್ಕಾರ ಇಟ್ಟುಕೊಂಡಿತ್ತು. ಪ್ರಾರ್ಥನೆಯ ಎದುರು ಸುಲಭಾಳ ಹೆಸರು ಅಚ್ಚಾಗಿತ್ತು. "ಸುಶ್ರುತ ಹ್ಞೂಂ ಅಂದಿದ್ದ" ಎಂದರು ಸರ್, ಅದೊಂದು ಸಣ್ಣ ಸಂಗತಿ ಅನ್ನುವ ಹಾಗೆ.

ಸತ್ಕಾರದ ಸಂಜೆ ಮತ್ತು ಕುಂಡದ ಮೇಲಿನ ಹೊಸ ಮೊಟ್ಟೆಗಳ ಕೊನೆಯ ಸಂಜೆ ಒಂದೇ ಆದವು. ಆ ಮೊಟ್ಟೆಗಳನ್ನು ಈ ಸಲ ಆಕೆ ಎಲ್ಲಿಗೂ ಕಳಿಸಿರಲಿಲ್ಲ. ಸುಶ್ರುತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಕಾರು ಚಾಲೂ ಮಾಡಿ ಬಂದ.

"ಹೆಸರು ಛಾಪಿಸ್ಯಾರ ಸುಲಭಾ. ಮಂದಿ ಏನಂದಾರು? ಹಾಡಿ ಲಗೂನ ಬಂದ್ರಾತು."

"ನೀ ಹ್ಞೂಂ ಅಂದಿ. ನೀನ ಹಾಡು."

"ಹಿರ್ಯಾರು, ಬಿಡು ಇನ್ನ."

"ಹಾಲ್ ಮುಂದಿನ ತೊಟ್ಟ್ಯಾಗ ನನ್ನ ಮರಿ ಇಟ್ಟಿರ್ತಾರ. ಅವುಗಳ ಎದುರಿಗೆ ನಿಂತು ಯಾವ ದೇವರ ಹೆಸರು ಹೇಳಲಿ ನಾನು?"

ಆತ ಹೊರಟ. ಹೋಗುವಾಗ ಬಾಗಿಲನ್ನು ಮೆಲ್ಲಗೇ ಎಳೆದುಕೊಂಡ. ಸಿಟ್ಟು ಬಂದಾಗಲೂ ಸದ್ದು ಮಾಡದ ಮನುಷ್ಯ ಆತ. ಆ ಗುಣವನ್ನು ಇಷ್ಟು ವರ್ಷ ಆಕೆ ಒಳ್ಳೆಯತನ ಎಂದುಕೊಂಡಿದ್ದಳು.

ಅತ್ತೆ ದೀಪಕ್ಕೆ ಎಣ್ಣೆ ಹಾಕಿ, ಕದ ಎಳೆದು, ಸಂದಿಗೆ ಕಂಬಳಿ ಒತ್ತಿದರು. ಕಿಟಕಿಗೆ ಸುಲಭಾ ಚಾದರ ಕಟ್ಟಿದಳು. ಬೀದಿದೀಪದ ಬೆಳಕು ಬರುವ ತೂತಿಗೂ ಬಟ್ಟೆ ತುರುಕಿದಳು. ಇಬ್ಬರೂ ನೆಲದ ಮೇಲೆ ಕೂತರು. ಒಬ್ಬರಿಗೊಬ್ಬರು ಕಾಣಲಿಲ್ಲ.

"ಹಿಂಗ ಕತ್ತಲ್ಯಾಗ ಕೂತು ಎಷ್ಟು ವರ್ಷಾತೋ," ಅಂದರು ಅತ್ತೆ. "ಅವ ಸಣ್ಣಾಂವ ಇದ್ದಾಗೂ ಹಂಗ. ಓಣ್ಯಾಗ ಯಾರರ ಹೊಡದ್ರ ಹೊಡದವ್ರ ಸಂಗತೀನ ಆಡ್ಲಿಕ್ಕೆ ಹೋಗ್ತಿದ್ದ. ನನಗ ಆವಾಗ ಶಾಣ್ಯಾ ಅನಸ್ತಿದ್ದ."

ಪಂಪಿನ ಗುಳುಗುಳು ಒಂದೇ ಕೇಳುತ್ತಿತ್ತು. ಸಾಕಷ್ಟು ಹೊತ್ತಾದ ಮೇಲೆ ಸುಲಭಾ ಸಣ್ಣ ಟಾರ್ಚನ್ನು ನೀರಿನ ಮೂಲೆಗೆ ಹಿಡಿದಳು. ಮೊದಲು ಧೂಳು ಎದ್ದಂತೆ ಕಂಡಿತು. ಆ ಧೂಳಿಗೆ ಕಣ್ಣಿದ್ದವು. ಹುಟ್ಟಿದ ಮೇಲೆ ಬೆಳಕಿಗೆ ಹಾಯುವ ಜಾತಿ ಅವು. ನೂರಾರು ಬೆಳ್ಳಿ ಚುಕ್ಕೆಗಳು ಟಾರ್ಚಿನ ಕಡೆ ನಡುಗುತ್ತ ಬಂದವು. ಸುಲಭಾ ಬಟ್ಟಲಿನಿಂದ ಮೆಲ್ಲಗೆ ಮೊಗೆದು ಪಕ್ಕದ ಟಬ್ಬಿಗೆ ಬಿಡತೊಡಗಿದಳು. ಅತ್ತೆ ಟಾರ್ಚು ಇಸಕೊಂಡರು.

"ಅಳಬ್ಯಾಡ. ಉಪ್ಪು ಹೆಚ್ಚಾಗ್ತದ," ಅಂದರು.

ಎಲ್ಲ ಬದುಕಲಿಲ್ಲ. ಮೊದಲ ವಾರದಲ್ಲೇ ಹಸಿರು ನೀರು ಕಡಿಮೆ ಬಿದ್ದು, ಹುಳ ಸಾಲದೆ, ಬಹಳಷ್ಟು ಸತ್ತವು. ಬೆರಳೆಣಿಕೆಯಷ್ಟು ಉಳಿದು, ಬಿಳಿ ಪಟ್ಟಿ ಮೂಡಿ, ಮೀನಿನ ಆಕಾರಕ್ಕೆ ಬಂದವು. ಯಾವ ಬಳಗವೂ ಅವಕ್ಕೆ ಸತ್ಕಾರ ಇಡಲಿಲ್ಲ. ಪ್ರಾರ್ಥನೆಗೆ ಕರೆಯುವುದು ನಿಂತುಹೋಯಿತು. ಹಿರಿಯರಿಗೆ ಮಾನ ಕೊಡುವುದು ಆಕೆಗೆ ತಿಳಿಯದು ಎಂದು ಧಾರವಾಡದ ಕೆಲವು ಪಡಸಾಲೆಗಳಲ್ಲಿ ಮಾತಾಯಿತು. ತ್ರ್ಯಂಬಕ ಸರ್ ಎದುರು ಸಿಕ್ಕರೆ ಈಗಲೂ ನಗುತ್ತಾರೆ. ಆ ನಗುವಿನಲ್ಲಿ ಕ್ಷಮೆ ಇರುತ್ತದೆ. ಅವರು ಆಕೆಯನ್ನು ಕ್ಷಮಿಸಿದ್ದಾರೆ.

ಆಫ್ತಾಬ ಈಗ ಹೊಸಬರನ್ನು ನವನಗರಕ್ಕೆ ಕಳಿಸುತ್ತಾನೆ. ಬಂದವರಿಗೆ ಸುಲಭಾ ಕೂಡ್ರಿ ಅನ್ನುವುದಕ್ಕೂ ಮೊದಲು ಕತ್ತಲೆಯ ವಿಷಯ ಹೇಳಿಬಿಡುತ್ತಾಳೆ. ಆಮೇಲೆ ಉಪ್ಪು, ಆಮೇಲೆ ಸಿಗಡಿ, ಆಮೇಲೆ ಹುಳ. ತನಗೆ ಗೊತ್ತಿದ್ದದ್ದಷ್ಟೂ ಒಂದೇ ಸಲಕ್ಕೆ. ಒಬ್ಬ ಬರೆದುಕೊಳ್ಳಲು ಪೆನ್ನು ಹುಡುಕುತ್ತ, "ನಿಧಾನ ಹೇಳ್ರಿ ಮೇಡಂ, ಮುಂದಿನ ವಾರ ಮತ್ತ ಬರ್ತೀನಿ" ಅಂದ. "ಮುಂದಿನ ವಾರದ್ದು ಯಾರಿಗೆ ಗೊತ್ತರಿ, ಇವತ್ತ ಒಯ್ರಿ" ಅಂದಳು.

ಸುಶ್ರುತ ಬದಲಾಗಿದ್ದಾನೆ. ಉಂಡ ತಾಟು ಎತ್ತಿಡುತ್ತಾನೆ, ಉಪ್ಪಿನ ಚೀಲ ಹೊತ್ತು ತರುತ್ತಾನೆ, ತೊಟ್ಟಿಯ ಗಾಜು ಒರೆಸುತ್ತಾನೆ. ಮನೆಯಲ್ಲಿ ಜಗಳವಿಲ್ಲ. ಮೊನ್ನೆ ಆಫೀಸಿನಿಂದ ಬಂದವನು ಚಹಾ ಕುಡಿಯುತ್ತ ತೊಟ್ಟಿಯ ಕಡೆ ನೋಡಿ, ಸಹಜವಾಗಿ ಕೇಳಿದ:

"ಮತ್ತ ಮೊಟ್ಟಿ ಇಟ್ಟಾವೇನು?"

"ಇನ್ನಾ ಇಲ್ಲ," ಅಂದಳು ಸುಲಭಾ.

ಕುಂಡವನ್ನು ಆಕೆ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದಳು. ಅದರ ಹಿಂದೆ ಗಂಡು ಮೀನು ಬಿಡುವಿಲ್ಲದೆ ರೆಕ್ಕೆ ಬೀಸುತ್ತಿತ್ತು.